ಬಣ್ಣ ಕೈಕೊಟ್ಟಿತು, ಕಬ್ಬಿಣ ಕೈಹಿಡಿಯಿತು
ಮಂದಿ ನಕ್ಕರೂ ಹಿಡಿದ ದಾರಿ ಬಿಡದ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್

ಜತ್ತ: ಜೂನ್ ತಿಂಗಳು ಬಂತೆಂದರೆ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಭಾಗದ ಮನೆ ಮನೆಯಲ್ಲೂ ಒಂದೇ ಚರ್ಚೆ. ದಹಾವಿ, ಬಾರಾವಿ ಮುಗಿಸಿದ ಹುಡುಗ ಮುಂದೆ ಯಾವ ಲೈನ್ ಹಿಡಿಯಬೇಕು? ಹುಡುಗನಿಗೆ ಒಂದು ಮನಸ್ಸು, ಅಪ್ಪನಿಗೆ ಇನ್ನೊಂದು. ನಡುವೆ ಕಾಕಾ, ಮಾಮಾ, ಓಣಿಯ ಹಿರಿಯರು, ಚಹಾದಂಗಡಿಯ ಪಂಡಿತರು. ಎಲ್ಲರದ್ದೂ ಒಂದೊಂದು ಸಲಹೆ. ಬಹಳಷ್ಟು ಸಲಹೆ ಬೇಡ ಎನ್ನುವ ಕಡೆಗೇ ವಾಲಿರುತ್ತವೆ. ಚಿತ್ರಕಲೆ ಬೇಡ, ಹೊಟ್ಟೆ ತುಂಬುವುದಿಲ್ಲ. ವರ್ಕ್‌ಶಾಪ್ ಬೇಡ, ಕೈ ಕರಿ ಆಗುತ್ತದೆ. ಧಂದೆ ಬೇಡ, ನಮ್ಮಂಥವರಿಗೆ ಅದು ಒಗ್ಗುವುದಿಲ್ಲ.

ಇದೇ ಜೂನ್ ತಿಂಗಳ 20ನೇ ತಾರೀಖು, 1869ರಲ್ಲಿ ಬೆಳಗಾವಿ ಜಿಲ್ಲೆ ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಒಬ್ಬ ಹುಡುಗ ಈ ಮೂರೂ ಬೇಡಗಳನ್ನು ಕೇಳಿಸಿಕೊಂಡವನೇ. ಮೂರನ್ನೂ ಮಾಡಿದವನೂ ಹೌದು. ಅವರೇ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್.

ಗಡಿಭಾಗದ ರೈತನಿಗೆ ಕಿರ್ಲೋಸ್ಕರ್ ಎಂದರೆ ಬಾವಿ ದಂಡೆಯ ಮೇಲಿನ ಪಂಪು. ಹಳೆಯ ಮಂದಿಗೆ ಕಬ್ಬಿಣದ ರೆಂಟೆ, ಕಬ್ಬಿನ ಗಾಣ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯನಿದ್ದ, ಅವನ ರೆಂಟೆ ಎರಡು ವರ್ಷ ಒಂದೂ ಮಾರಾಟವಾಗದೆ ಬಿದ್ದಿತ್ತು ಎಂಬುದು ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ.

ವೇದಾಂತಿಗಳ ಮನೆಯ ಹುಡುಗ

ಕಿರ್ಲೋಸ್ಕರ್ ಮನೆತನದ ಮೂಲ ಕೊಂಕಣದ ಕಿರ್ಲೋಸಿ. ಅದೇ ಊರಿನಿಂದ ಅಡ್ಡಹೆಸರು ಬಂತು. ಆದರೆ ಮನೆತನ ನೆಲೆ ನಿಂತದ್ದು ಗುರ್ಲಹೊಸೂರಿನಲ್ಲಿ. ಮನೆಯೊಳಗೆ ಮರಾಠಿ, ಹೊಸ್ತಿಲು ದಾಟಿದರೆ ಕನ್ನಡದ ಊರು. ಗಡಿಭಾಗದವರಿಗೆ ಇದೇನು ಹೊಸದಲ್ಲ ಬಿಡಿ. ಮರಾಠಿ ಸಂಗೀತ ನಾಟಕಕ್ಕೆ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದೂ ಇದೇ ಊರಿನಲ್ಲಿ, 1843ರಲ್ಲಿ. ಒಂದು ಸಣ್ಣ ಕನ್ನಡ ಊರು ಮಹಾರಾಷ್ಟ್ರಕ್ಕೆ ನಾಟಕವನ್ನೂ ಕೊಟ್ಟಿತು, ಕಾರ್ಖಾನೆಯನ್ನೂ ಕೊಟ್ಟಿತು ಎಂದರೆ ತಪ್ಪಾಗದು.

ಲಕ್ಷ್ಮಣನ ತಂದೆ ಕಾಶೀನಾಥಪಂತರು ವೇದಾಂತ ಬಲ್ಲ ಪಂಡಿತರು. ಮಗನೂ ಓದಿ ದೊಡ್ಡವನಾಗಬೇಕು ಎಂಬ ಆಸೆ ಸಹಜ. ಆದರೆ ಹುಡುಗನಿಗೆ ಶಾಲೆಯ ಪುಸ್ತಕ ಹತ್ತಲಿಲ್ಲ. ಅವನ ಮನಸ್ಸು ಎರಡೇ ಕಡೆ: ಒಂದು ಚಿತ್ರ ಬರೆಯುವುದು, ಇನ್ನೊಂದು ಯಂತ್ರ ಯಾವುದಾದರೂ ಕಂಡರೆ ಅದರೊಳಗೆ ಏನು ತಿರುಗುತ್ತದೆ ಎಂದು ನೋಡುವುದು. ಪಂಡಿತರ ಮನೆಯಲ್ಲಿ ಇವೆರಡೂ ವಿದ್ಯೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ.

ಹದಿನಾರನೇ ವಯಸ್ಸಿಗೆ, ಅಂದರೆ 1885ರಲ್ಲಿ, ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ಗೆ ಹೋಗುತ್ತೇನೆಂದು ಹುಡುಗ ಹಟ ಹಿಡಿದ. ತಂದೆ ಒಪ್ಪಲಿಲ್ಲ. ಇಲ್ಲೇ ಕಥೆ ಮುಗಿದುಬಿಡಬಹುದಿತ್ತು. ಮುಗಿಯದಂತೆ ನೋಡಿಕೊಂಡವರು ಅಣ್ಣ ರಾಮಚಂದ್ರ. ಮನೆ ಮಂದಿಗೆಲ್ಲ ರಾಮುಅಣ್ಣ. ತಮ್ಮನ ಖರ್ಚಿನ ಹಣ ಕಳಿಸಲು ಅವರು ಮುಂದಾದರು. ಲಕ್ಷ್ಮಣರಾಯರ ಸಾಹಸದ ಬಗ್ಗೆ ಹೇಳುವಾಗ ಈ ಅಣ್ಣನ ಹೆಸರು ಒಂದು ಸಾಲಿನಲ್ಲಿ ಹಾರಿಹೋಗುತ್ತದೆ. ಅದು ಸರಿಯಲ್ಲ. ಹತ್ತು ಮಂದಿ ಬೇಡ ಎನ್ನುವಾಗ ಹೋಗಿ ಬಾ ಎಂದು ಹಣ ಕೊಟ್ಟವನು ಒಬ್ಬನಿದ್ದ ಎಂಬುದು ಸಣ್ಣ ಮಾತಲ್ಲ.

ಕಣ್ಣೇ ಇಲ್ಲ ಎಂದಿತು

ಮುಂಬಯಿಯಲ್ಲಿ ಎರಡು ವರ್ಷ ಚಿತ್ರಕಲೆಯ ಅಭ್ಯಾಸ ನಡೆಯಿತು. ರೇಖೆ ಚೆನ್ನಾಗಿ ಬರುತ್ತಿತ್ತು. ಬಣ್ಣ ಹಚ್ಚುವಾಗ ಎಡವಟ್ಟು. ಕೊನೆಗೆ ಗೊತ್ತಾದದ್ದು ಇಷ್ಟು: ಈ ಹುಡುಗನಿಗೆ ಕೆಲವು ಬಣ್ಣಗಳ ವ್ಯತ್ಯಾಸವೇ ಕಾಣುವುದಿಲ್ಲ, ಭಾಗಶಃ ವರ್ಣಾಂಧತೆ ಇದೆ.

ಅಪ್ಪನ ಮಾತು ಮೀರಿ, ಅಣ್ಣನ ಹಣ ಖರ್ಚು ಮಾಡಿ ಬಂದವನ ಸ್ಥಿತಿ ಹೇಗಿರಬೇಡ! ಊರಿಗೆ ಮರಳಿದರೆ ಮೊದಲೇ ಹೇಳಿದ್ದೆವಲ್ಲ ಎನ್ನುವವರು ಸಾಲುಗಟ್ಟಿ ನಿಂತಿರುತ್ತಾರೆ. ಮರಳದಿದ್ದರೆ ಮುಂಬಯಿಯಲ್ಲಿ ಮಾಡುವುದೇನು?

ಇಲ್ಲಿ ಲಕ್ಷ್ಮಣರಾಯರು ಮಾಡಿದ್ದನ್ನು ಸ್ವಲ್ಪ ನಿಂತು ನೋಡಬೇಕು. ಮಂದಿ ಮಾತಿಗೆ ಅವರು ಕಿವಿಗೊಡಲಿಲ್ಲ, ಖರೆ. ಆದರೆ ಕಣ್ಣಿನ ಮಾತಿಗೆ ಕಿವಿಗೊಟ್ಟರು. ಇನ್ನೊಂದಿಷ್ಟು ದಿನ ಹಟ ಮಾಡಿ ಬಣ್ಣ ಹಚ್ಚುತ್ತ ಕೂಡಲಿಲ್ಲ. ಬಣ್ಣ ಬಿಟ್ಟರು, ರೇಖೆಯನ್ನು ಇಟ್ಟುಕೊಂಡರು. ಯಂತ್ರಗಳ ನಕ್ಷೆ ಬರೆಯುವ ವಿದ್ಯೆ, ಅಂದರೆ ಮೆಕ್ಯಾನಿಕಲ್ ಡ್ರಾಯಿಂಗ್, ಅದಕ್ಕೆ ಬಣ್ಣ ಬೇಕಿಲ್ಲ. ಕೈ ಸ್ಥಿರ ಇರಬೇಕು, ಅಳತೆ ತಪ್ಪಬಾರದು. ಚಿತ್ರದ ಹುಚ್ಚು, ಯಂತ್ರದ ಹುಚ್ಚು ಎರಡೂ ಒಂದೇ ಕಾಗದದ ಮೇಲೆ ಕೂಡಿಬಂದವು.

ಆಗ ಮುಂಬಯಿಯಲ್ಲಿ ವಿಕ್ಟೋರಿಯಾ ಜ್ಯುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ (ಈಗಿನ ವಿಜೆಟಿಐ) ಹೊಸದಾಗಿ ಶುರುವಾಗಿತ್ತು. ಅಲ್ಲಿ ಮೆಕ್ಯಾನಿಕಲ್ ಡ್ರಾಯಿಂಗ್ ಕಲಿಸುವ ಸಹಾಯಕ ಶಿಕ್ಷಕರಾಗಿ ಕೆಲಸ ಸಿಕ್ಕಿತು. ಪಾಠ ಮುಗಿದ ಮೇಲೆ ಸಂಸ್ಥೆಯ ವರ್ಕ್‌ಶಾಪೇ ಅವರ ಶಾಲೆ. ಯಂತ್ರ ನಡೆಸುವುದನ್ನು, ಕೆಟ್ಟರೆ ಬಿಚ್ಚಿ ಜೋಡಿಸುವುದನ್ನು ಅವರು ಕಲಿತದ್ದು ಹೀಗೆ. ಎಂಜಿನಿಯರಿಂಗ್ ಪದವಿ ಅವರ ಹತ್ತಿರ ಕೊನೆಯವರೆಗೂ ಇರಲಿಲ್ಲ.

ಎರಡು ಗಾಲಿಯ ಧಂದೆ

ಮುಂಬಯಿಯ ರಸ್ತೆಯಲ್ಲಿ ಒಂದು ದಿನ ಒಬ್ಬ ಮನುಷ್ಯ ಎರಡು ಗಾಲಿಯ ಮೇಲೆ ಕೂತು ಬೀಳದೆ ಹೋಗುವುದನ್ನು ಲಕ್ಷ್ಮಣರಾಯರು ಕಂಡರು. ಸೈಕಲ್ಲು! ಜೀವನದಲ್ಲಿ ಅವರು ನೋಡಿದ ಮೊದಲ ಸೈಕಲ್ಲು ಅದು. ನೋಡಿ ಬೆರಗಾಗಿ ಮನೆಗೆ ಹೋದವರು ಸಾವಿರ ಮಂದಿ ಇದ್ದಾರು. ಇವರು ಅಣ್ಣನ ಜೊತೆ ಕೂಡಿ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನೇ ತೆರೆದರು. ಕಿರ್ಲೋಸ್ಕರ್ ಬ್ರದರ್ಸ್ ಎಂಬ ಹೆಸರು ಹುಟ್ಟಿದ್ದು ಅಲ್ಲಿ. ತಮ್ಮ ಮುಂಬಯಿಯಲ್ಲಿ ನೌಕರಿ ಮಾಡುತ್ತಲೇ ಸೈಕಲ್ ಕೊಂಡು ಕಳಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರುವುದು.

ಒಂದು ಸೈಕಲ್ಲಿನ ಬೆಲೆ ಆಗ 700ರಿಂದ 1000 ರೂಪಾಯಿ. ಆ ಕಾಲದಲ್ಲಿ ಇಷ್ಟು ಹಣ ಕೊಡುವ ಗಿರಾಕಿ ಎಷ್ಟು ಮಂದಿ ಸಿಕ್ಕಾರು ಎಂಬುದನ್ನು ಓದುಗರೇ ಊಹಿಸಬಹುದು. ಕೊಂಡವನಿಗೆ ಓಡಿಸಲು ಬರಬೇಕಲ್ಲ? ಅದಕ್ಕೂ ರಾಮುಅಣ್ಣ ವ್ಯವಸ್ಥೆ ಮಾಡಿದ್ದರು. ಕಲಿಸಲು 15 ರೂಪಾಯಿ ಫೀ! ಪಂಡಿತರ ಮಕ್ಕಳು ಸೈಕಲ್ ಮಾರುತ್ತಾರೆ, ಬಿದ್ದವರನ್ನು ಎಬ್ಬಿಸಿ ಹಣ ಇಸಿದುಕೊಳ್ಳುತ್ತಾರೆ ಎಂಬುದು ಊರವರ ಬಾಯಿಗೆ ಒಳ್ಳೆಯ ಎಲೆ ಅಡಿಕೆ ಆಗಿರಲೇಬೇಕು. ಬೆಳಗಾವಿಯಲ್ಲಿ ಈಗ ಕಿರ್ಲೋಸ್ಕರ್ ರಸ್ತೆ ಇದೆ. ಆಗ ಇದ್ದದ್ದು ಒಂದು ಸಣ್ಣ ಅಂಗಡಿ.

ಮುಂಬಯಿಯ ನೌಕರಿ ಸುಮಾರು ಹತ್ತು ವರ್ಷ ನಡೆಯಿತು. 1890ರ ದಶಕದ ಕೊನೆಯ ಹೊತ್ತಿಗೆ ಸಂಸ್ಥೆಯಲ್ಲಿ ಬಡ್ತಿಯ ಜಾಗ ಒಂದು ಖಾಲಿಯಾಯಿತು. ಅರ್ಹತೆ, ಅನುಭವ ನೋಡಿದರೆ ಅದು ಲಕ್ಷ್ಮಣರಾಯರಿಗೆ ಬರಬೇಕಿತ್ತು. ಕೊಟ್ಟದ್ದು ಒಬ್ಬ ಆಂಗ್ಲೋ ಇಂಡಿಯನ್‌ಗೆ. ತಿಂಗಳ ಪಗಾರ ಬರುವ ಕೆಲಸವನ್ನು ಒದ್ದು ಅವರು ಬೆಳಗಾವಿಯ ಗಾಡಿ ಹತ್ತಿದರು. ವಯಸ್ಸು ಮೂವತ್ತರ ಹತ್ತಿರ. ಕೈಯಲ್ಲಿ ಪದವಿ ಇಲ್ಲ, ಈಗ ನೌಕರಿಯೂ ಇಲ್ಲ. ಇದ್ದದ್ದು ಅಣ್ಣನ ಅಂಗಡಿ, ತಾನು ಕಲಿತ ಕಸಬು.

ಎರಡು ವರ್ಷ ಬಿದ್ದಿದ್ದ ರೆಂಟೆ

ಬೆಳಗಾವಿಯಲ್ಲಿ ಕೆಲವು ಸಣ್ಣ ಯಂತ್ರಗಳನ್ನು ಇಟ್ಟುಕೊಂಡು ರಿಪೇರಿ ಕೆಲಸ ಶುರುವಾಯಿತು. ಕೆಲಸವಿಲ್ಲದಾಗ ಅಮೆರಿಕದಿಂದ ಬರುವ ಯಂತ್ರಗಳ ಪುಸ್ತಕ, ಪತ್ರಿಕೆ ಓದುವುದು. ಸೈಕಲ್ ಧಂದೆಗೆ ಪೈಪೋಟಿ ಹೆಚ್ಚಿದಂತೆ ಅವರ ಕಣ್ಣು ಹೊಲದ ಕಡೆ ತಿರುಗಿತು. ದೇಶದ ಬಹುಪಾಲು ಜನ ರೈತರು. ರೈತನ ಕೈಯಲ್ಲಿರುವುದು ಕಟ್ಟಿಗೆಯ ಸಲಕರಣೆ. ಮೊದಲು ಕಣಿಕೆ ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ರೆಂಟೆ.

ವಿಲಾಯತಿ ಕಬ್ಬಿಣದ ರೆಂಟೆಗಳು ಆಗಲೇ ಬಂದಿದ್ದವು. ಅವಕ್ಕೆ ಬೆಲೆ ಹೆಚ್ಚು, ಮುರಿದರೆ ಬಿಡಿಭಾಗ ಸಿಗುವುದು ಕಷ್ಟ. ಇಲ್ಲಿಯೇ ಎರಕ ಹೊಯ್ದು, ಇಲ್ಲಿಯ ಎತ್ತು ಎಳೆಯುವಂತೆ ಮಾಡಿ ಕೊಟ್ಟರೆ ರೈತ ಕೊಳ್ಳದೆ ಇದ್ದಾನೇ ಎಂಬುದು ಲಕ್ಷ್ಮಣರಾಯರ ಲೆಕ್ಕ. ಲೆಕ್ಕ ಕಾಗದದ ಮೇಲೆ ಸರಿಯಾಗಿಯೇ ಇತ್ತು.

ಆದರೆ ರೈತ ಕೊಳ್ಳಲಿಲ್ಲ. ಕಬ್ಬಿಣ ಹೊಕ್ಕರೆ ಭೂಮಿಗೆ ವಿಷ ಏರುತ್ತದೆ, ಹೊಲ ಬೆಳೆ ಕೊಡುವುದಿಲ್ಲ ಎಂಬ ನಂಬಿಕೆ ಹಳ್ಳಿ ಹಳ್ಳಿಯಲ್ಲಿ ಗಟ್ಟಿಯಾಗಿತ್ತು. ಮಾಡಿಟ್ಟ ರೆಂಟೆಗಳು ಹೆಚ್ಚುಕಡಿಮೆ ಎರಡು ವರ್ಷ ಬಿದ್ದಲ್ಲೇ ಬಿದ್ದಿದ್ದವು. ಮೊದಲ ಗಿರಾಕಿ ಬರುವುದಕ್ಕೆ ಅಷ್ಟು ಕಾಲ ಬೇಕಾಯಿತು.

ವ್ಯಾಪಾರ ಮಾಡಿದವರಿಗೆ ಎರಡು ವರ್ಷದ ಅರ್ಥ ಗೊತ್ತು. ಕಬ್ಬಿಣಕ್ಕೆ ಹಾಕಿದ ಹಣ ಅಲ್ಲೇ ಜಮಾ. ಇದ್ದಿಲು, ಕೂಲಿ, ಬಾಡಿಗೆ ಎಲ್ಲ ಹೋದದ್ದೇ ದಾರಿ. ಖರ್ಚಿನ ಬದಿಯಲ್ಲಿ ಪುಟ ತುಂಬುತ್ತದೆ, ಆದಾಯದ ಬದಿ ಖಾಲಿ. ಇಂಥ ಖಾತೆ ಪುಸ್ತಕ ನೋಡಿದ ಯಾವ ಲೆಕ್ಕಿಗನೂ ಅಂಗಡಿ ಮುಚ್ಚಿರಿ ಎಂದೇ ಹೇಳುತ್ತಾನೆ. ಪುಸ್ತಕದ ಪ್ರಕಾರ ಅದು ತಪ್ಪು ಸಲಹೆಯೂ ಅಲ್ಲ.

ರೈತನನ್ನು ಮೂಢ ಎಂದು ಜರೆಯುವುದೂ ಸುಲಭ. ಆದರೆ ಒಂದು ಮಳೆಗಾಲ ತಪ್ಪಿದರೆ ವರ್ಷದ ಕೂಳೇ ಹೋಗುವವನು ಅಪರಿಚಿತ ಸಾಮಾನನ್ನು ಹೊಲಕ್ಕೆ ಒಯ್ಯುವ ಮುಂಚೆ ನೂರು ಸಲ ಯೋಚಿಸುತ್ತಾನೆ. ಕಟ್ಟಿಗೆಯ ರೆಂಟೆ ಊರ ಬಡಿಗ ಆಯಕ್ಕೆ ಮಾಡಿ ಕೊಡುತ್ತಾನೆ, ಮುರಿದರೆ ಅವನೇ ಸರಿಮಾಡುತ್ತಾನೆ. ಕಬ್ಬಿಣದ್ದು ರೊಕ್ಕ ಕೊಟ್ಟು ತರಬೇಕು. ಲಕ್ಷ್ಮಣರಾಯರು ರೈತನ ಜೊತೆ ವಾದಕ್ಕೆ ಕೂಡುವ ಬದಲು ರೆಂಟೆಯನ್ನು ಸುಧಾರಿಸುತ್ತ, ನೆಲ ಹರಗಿ ತೋರಿಸುತ್ತ ಕಾದರು. ನಮ್ಮ ಕಡೆಯ ಎರೆಹೊಲದಲ್ಲಿ ಕರಿಕೆ ಬೇರು ಎಷ್ಟು ಆಳಕ್ಕೆ ಇಳಿಯುತ್ತದೆಂದು ರೈತರಿಗೆ ಬೇರೆ ಹೇಳಬೇಕಿಲ್ಲ. ಕಟ್ಟಿಗೆಯ ರೆಂಟೆ ಗೀರುವಲ್ಲಿ ಕಬ್ಬಿಣದ ಕುಳ ಮಣ್ಣನ್ನೇ ಮಗುಚಿ ಹಾಕುತ್ತದೆ. ಒಬ್ಬನ ಹೊಲ ನೋಡಿ ಇನ್ನೊಬ್ಬ ಬಂದ. ಮಾರಾಟ ನಿಧಾನಕ್ಕೆ ಹತ್ತಿಕೊಂಡಿತು.

ಕಾರ್ಖಾನೆ ಕಾಲು ಊರುವಷ್ಟರಲ್ಲಿ

ಇನ್ನೇನು ನೆಲೆ ನಿಂತಿತು ಎನ್ನುವಾಗ ಮತ್ತೊಂದು ಪೆಟ್ಟು. 1910ರ ಆರಂಭದಲ್ಲಿ ಬೆಳಗಾವಿ ಊರು ಬೆಳೆಸಲು ಪುರಸಭೆಗೆ ಕಾರ್ಖಾನೆ ಇದ್ದ ಜಾಗ ಬೇಕಾಯಿತು. ತೆರವು ಮಾಡಿ ಎಂದು ನೋಟಿಸು ಬಂತು. ಯಂತ್ರ ಇದೆ, ಕೆಲಸಗಾರರಿದ್ದಾರೆ, ನಿಲ್ಲಲು ನೆಲವಿಲ್ಲ. ವಯಸ್ಸು ನಲವತ್ತು ದಾಟಿತ್ತು.

ಆಗ ನೆನಪಾದವರು ಔಂಧ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿ. ಗಾದಿಗೆ ಬಂದು ಒಂದು ವರ್ಷವಷ್ಟೇ ಆಗಿತ್ತು. ಲಕ್ಷ್ಮಣರಾಯರ ಪರಿಚಯ ಮೊದಲಿನಿಂದ ಇತ್ತು. ಔಂಧ ಎಂದರೆ ಚೂರು ಚೂರಾಗಿ ಹರಡಿದ ಪುಟ್ಟ ಸಂಸ್ಥಾನ. ಆಟಪಾಡಿ, ಕುಂಡಲ ಅದರಲ್ಲಿದ್ದವು, ವಿಜಾಪುರ ಕಡೆಯ ಕನ್ನಡ ನೆಲ ಗುಣದಾಳವೂ ಇತ್ತು. ಈ ರಾಜ ಸ್ವತಃ ಚಿತ್ರಕಾರ. ಬಣ್ಣ ಕೈಕೊಟ್ಟವನಿಗೆ ನೆಲ ಕೊಟ್ಟವನು ಬಣ್ಣದ ಮನುಷ್ಯನೇ ಆಗಿದ್ದದ್ದು ಒಂದು ಸೋಜಿಗ.

ಕುಂಡಲ ರೋಡ್ ರೈಲು ನಿಲ್ದಾಣದ ಹತ್ತಿರ 32 ಎಕರೆ ಜಮೀನು, ಜೊತೆಗೆ ಹತ್ತು ಸಾವಿರ ರೂಪಾಯಿ ಸಾಲ. ಜಮೀನು ಎಂದರೆ ಬರಡು. ಎಲ್ಲಿ ನೋಡಿದರಲ್ಲಿ ಪಾಪಾಸುಕಳ್ಳಿ, ಅದರ ಬುಡದಲ್ಲಿ ನಾಗರಹಾವು. ನೀರಿಗೂ ಪರದಾಟ. ಬೆಳಗಾವಿಯಂಥ ಊರು ಬಿಟ್ಟು ಹಾವಿನ ಹುತ್ತಕ್ಕೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವುದು ಯಾರಿಗೆ ತಾನೆ ಸರಿ ಕಂಡೀತು?

1910ರ ಮಾರ್ಚ್‌ನಲ್ಲಿ ಲಕ್ಷ್ಮಣರಾಯರು ಅಲ್ಲಿ ಇಳಿದರು. ಜೊತೆಗೆ ಬಂದದ್ದು ಸುಮಾರು 25 ಕೆಲಸಗಾರರು, ಅವರ ಸಂಸಾರಗಳು. ಕಳ್ಳಿ ಕಡಿದರು, ತಗಡಿನ ಆಸರೆ ಹೂಡಿದರು, ಭಟ್ಟಿ ಹಚ್ಚಿದರು. ಬೀದಿ ಎಲ್ಲಿ, ಮನೆ ಎಲ್ಲಿ, ಶಾಲೆ ಎಲ್ಲಿ ಎಂದು ಊರಿನ ಯೋಜನೆ ಮಾಡಿದವರು ಅದೇ ರಾಮುಅಣ್ಣ. ಸ್ವತಂತ್ರಪೂರ್ವದ ಭಾರತದ ಮೊದಮೊದಲ ಕಾರ್ಖಾನೆ ಪಟ್ಟಣಗಳಲ್ಲಿ ಒಂದಾದ ಕಿರ್ಲೋಸ್ಕರವಾಡಿ ಎದ್ದದ್ದು ಹೀಗೆ. ಈಗಿನ ಸಾಂಗ್ಲಿ ಜಿಲ್ಲೆಯ ಪಲೂಸ ತಾಲ್ಲೂಕು. ಜತ್ತ ಇರುವ ಜಿಲ್ಲೆಯೇ.

ಯಾರಿಗೂ ಬೇಡವಾದವರ ತಂಡ

ಲಕ್ಷ್ಮಣರಾಯರ ಜೊತೆ ನಿಂತವರನ್ನು ನೋಡಿದರೆ ಇನ್ನೊಂದು ಸಂಗತಿ ತಿಳಿಯುತ್ತದೆ. ಅವರಲ್ಲಿ ದೊಡ್ಡ ಪರೀಕ್ಷೆ ಪಾಸಾದವರು ಕಡಿಮೆ. ಯಂತ್ರಗಳ ಮೇಲೆ ಅಸಾಧ್ಯ ಹಿಡಿತವಿದ್ದ ಶಂಭುರಾವ್ ಜಾಂಭೇಕರ್ ಈ ತಂಡದಲ್ಲಿದ್ದರು. ಶಾಲೆಯಲ್ಲಿ ನಪಾಸಾದವರು, ಬೇರೆ ಧಂದೆಯಲ್ಲಿ ಕೈಸುಟ್ಟುಕೊಂಡವರು ಇಲ್ಲಿ ಬಂದು ಒಂದೊಂದು ವಿಭಾಗ ಹೊತ್ತರು. ಶಿಕ್ಷೆ ಅನುಭವಿಸಿ ಬಂದವರಿಗೂ ರಾತ್ರಿ ಕಾವಲಿನ ಕೆಲಸ ಕೊಟ್ಟರು. ಊರೆಲ್ಲ ಅವರಿಂದ ಕಾವಲು ಕಾಯ್ದುಕೊಳ್ಳುತ್ತಿದ್ದ ಕಾಲದಲ್ಲಿ ಅವರನ್ನೇ ಕಾವಲಿಗೆ ಇಟ್ಟದ್ದು ಗಟ್ಟಿ ಎದೆಯ ಕೆಲಸ. ವಾಡಿಯೊಳಗೆ ಅಸ್ಪೃಶ್ಯತೆಗೆ ಜಾಗವಿರಲಿಲ್ಲ.

ತನ್ನ ಬಗ್ಗೆ ಇವನಿಂದ ಆಗದು ಎಂಬ ಮಾತನ್ನು ಹತ್ತಾರು ವರ್ಷ ಕೇಳಿದ ಮನುಷ್ಯ ಇನ್ನೊಬ್ಬರ ಬಗ್ಗೆ ಅದೇ ಮಾತು ಬಂದಾಗ ಬೇಗ ನಂಬಲಿಲ್ಲ ಎಂದು ಕಾಣುತ್ತದೆ.

ಮೊದಲ ಮಹಾಯುದ್ಧ ಶುರುವಾದಾಗ ವಿಲಾಯತಿ ಮಾಲು ಬರುವುದು ನಿಂತಿತು. ಕಿರ್ಲೋಸ್ಕರ್ ರೆಂಟೆಗೆ ಬೇಡಿಕೆ ಏರಿತು. ಆದರೆ ಕಬ್ಬಿಣ, ಕಲ್ಲಿದ್ದಲು ಸಿಗದ ತಾಪತ್ರಯವೂ ಜೊತೆಗೇ ಬಂತು. ಅದನ್ನೂ ದಾಟಿ 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ಪಂಪು ಒಂದೊಂದಾಗಿ ಬಂದವು. ಅದೇ ವರ್ಷ ಮನೆತನದ ಶಂಕರರಾವ್ ಕಿರ್ಲೋಸ್ಕರ್ ಶುರುಮಾಡಿದ ಕಿರ್ಲೋಸ್ಕರ್ ಖಬರ್ ಪತ್ರಿಕೆ ಮುಂದೆ ಮರಾಠಿ ಮನೆ ಮನೆ ಸೇರಿತು. 1930ರಲ್ಲಿ ಸ್ತ್ರೀ ಮಾಸಿಕವೂ ಬಂತು. ರೆಂಟೆ ಕಾರ್ಖಾನೆಯ ಅಂಗಳದಲ್ಲಿ ಸಾಹಿತ್ಯ ಪತ್ರಿಕೆ ಹುಟ್ಟೀತೆಂದು ಯಾರು ಎಣಿಸಿದ್ದರು!

ಮಗ ಶಂತನುರಾವ್ ಹುಟ್ಟಿದ್ದು 1903ರಲ್ಲಿ, ನಮ್ಮ ಸೊಲ್ಲಾಪುರದಲ್ಲಿ. ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಮುಗಿಸಿ 1926ರಲ್ಲಿ ಪದವಿ ಪಡೆದು ಬಂದರು. ಪದವಿ ಇಲ್ಲದ ತಂದೆ ಮಗನನ್ನು ಅಷ್ಟು ದೂರ ಓದಲು ಕಳಿಸಿದ್ದೂ ಗಮನಿಸುವಂಥದು. ಓದು ಬೇಡ ಎಂಬ ವಾದ ಅವರದಾಗಿರಲಿಲ್ಲ. 1941ರಲ್ಲಿ ಮೈಸೂರು ಸಂಸ್ಥಾನದ ಹರಿಹರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ ಮೈಸೂರು ಕಿರ್ಲೋಸ್ಕರ್ ಶುರುವಾಯಿತು; ಲೇಥ್ ತಯಾರಿಯಲ್ಲಿ ದೊಡ್ಡ ಹೆಸರು ಮಾಡಿದ ಆ ಕಾರ್ಖಾನೆ 2000ದ ದಶಕದ ಆರಂಭದ ಹೊತ್ತಿಗೆ ಬಾಗಿಲು ಹಾಕಿತು. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರು, ಪುಣೆಯಲ್ಲಿ ಆಯಿಲ್ ಎಂಜಿನ್.

ಬೆಂಕಿ ಬಿದ್ದ ದಿನ

ಇಷ್ಟೆಲ್ಲ ಕಂಡ ಮೇಲೆ ಮುಪ್ಪಿನ ಕಾಲವಾದರೂ ನೆಮ್ಮದಿಯಿಂದ ಕಳೆಯಿತೇ ಎಂದರೆ ಅದೂ ಇಲ್ಲ. 1948ರ ಜನವರಿ 30ರಂದು ಗಾಂಧೀಜಿ ಹತ್ಯೆಯಾಯಿತು. ಕೊಂದವನು ಯಾವ ಜಾತಿಯವನೋ ಆ ಜಾತಿಯ ಮನೆ, ಅಂಗಡಿಗಳ ಮೇಲೆ ಪಶ್ಚಿಮ ಮಹಾರಾಷ್ಟ್ರದ ಊರೂರಲ್ಲಿ ಜನ ಏರಿಹೋದರು. ಕಿರ್ಲೋಸ್ಕರವಾಡಿಯೂ ಬಿಡಲಿಲ್ಲ. ಗುಂಪು ನುಗ್ಗಿ ಕಾರ್ಖಾನೆಗೆ ಬೆಂಕಿ ಹಚ್ಚಿತು. ಕಳ್ಳಿ ಕಡಿದು ಕಟ್ಟಿದ್ದು ಕಣ್ಣೆದುರೇ ಉರಿಯಿತು. ಲಕ್ಷ್ಮಣರಾಯರಿಗೆ ಆಗ 78 ವರ್ಷ. ಇನ್ನು ಈ ಹಳ್ಳಿಯ ಗೊಡವೆ ಸಾಕು ಎಂದು ಎದ್ದು ಹೋಗಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಹೋಗಲಿಲ್ಲ. ಸುಟ್ಟ ಜಾಗದಲ್ಲೇ ಕಾರ್ಖಾನೆಯನ್ನು ಮತ್ತೆ ಎಬ್ಬಿಸಿದರು.

1956ರ ಸೆಪ್ಟೆಂಬರ್ 26ರಂದು, 87ನೇ ವಯಸ್ಸಿನಲ್ಲಿ, ಅವರು ಪುಣೆಯಲ್ಲಿ ತೀರಿಕೊಂಡರು. ಹುಟ್ಟಿ ನೂರು ವರ್ಷವಾದಾಗ, 1969ರ ಜೂನ್ 20ರಂದು, ಅಂಚೆ ಇಲಾಖೆ ಅವರ ಚಿತ್ರವಿದ್ದ ಅಂಚೆಚೀಟಿ ಹೊರತಂದಿತು.

ಕುಂಡಲ ರೋಡ್ ಎಂಬ ಹೆಸರು ರೈಲು ನಿಲ್ದಾಣಕ್ಕೆ ಬಹಳ ದಿನ ಉಳಿಯಲಿಲ್ಲ. ಮೀರಜದಿಂದ ಪುಣೆಗೆ ಹೋಗುವ ಗಾಡಿಯಲ್ಲಿ ಕಿಟಕಿ ಪಕ್ಕ ಕೂತವರಿಗೆ ಅಲ್ಲಿ ಹಳದಿ ಫಲಕದ ಮೇಲೆ ಕಿರ್ಲೋಸ್ಕರವಾಡಿ ಎಂಬ ಹೆಸರು ಕಾಣುತ್ತದೆ. ಕಾರ್ಖಾನೆಯಲ್ಲಿ ಈಗಲೂ ಪಂಪು ತಯಾರಾಗುತ್ತವೆ.